ಒಂಬತ್ತಕ್ಕೆ ಒಂದು

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಈ ಗಾದೆಯನ್ನು ಮಣ್ಣಿನ ಪಾತ್ರೆಗಳ ಅಚ್ಚು ಕೆತ್ತುವ ಮೇಸ್ತ್ರಿ ಬುದ್ಧಿ ತಿಳಿದಾಗಿನಿಂದ ಕೇಳುತ್ತ ಬಂದವರು. ದೊಣ್ಣೆಯೇ ಬೇಕಿಲ್ಲ, ಸೋಪಿನ ನೊರೆ ಹತ್ತಿದ ಒಂದು ಕೈ ಸಾಕು ಎಂಬುದು ಮಾತ್ರ ಅವರಿಗೆ ತಿಳಿದದ್ದು ಆ ದಿನ ಬೆಳಿಗ್ಗೆ. ಹಿತ್ತಲಿನ ತೊಟ್ಟಿಯ ಬಳಿ ಪಾತ್ರೆ ತೊಳೆಯುತ್ತಿದ್ದ ನಾದಿನಿಯ ಕೈಯಿಂದ ಬಿಳಿಯ ಬಟ್ಟಲೊಂದು ಜಾರಿ ಕಲ್ಲಿನ ಮೇಲೆ ಬಿತ್ತು. ಸದ್ದೇನೂ ದೊಡ್ಡದಾಗಲಿಲ್ಲ. ಆದರೂ ಕೋಣೆಯಲ್ಲಿ ಹೆಂಡತಿಯ ತಲೆ ಬಾಚುತ್ತಿದ್ದ ಮೇಸ್ತ್ರಿಯ ಕೈಯಲ್ಲಿ ಬಾಚಣಿಗೆ ಅರ್ಧಕ್ಕೇ ನಿಂತಿತು. ಮಣ್ಣಿನ ಕೆಲಸದವರ ಕಿವಿ ಅಂಥದ್ದು. ಒಡೆದದ್ದು ಯಾವುದೆಂದು ಅವರಿಗೆ ಎದ್ದು ಹೋಗಿ ನೋಡಬೇಕಾಗಿರಲಿಲ್ಲ.

ನಾದಿನಿ ಒದ್ದೆ ಸೆರಗಿನಲ್ಲಿ ಚೂರುಗಳನ್ನು ತುಂಬಿಕೊಂಡು ಬಾಗಿಲಲ್ಲಿ ನಿಂತಳು. ಅರವತ್ತು ದಾಟಿದ್ದರೂ ಮನೆಯಲ್ಲಿ ಅವಳನ್ನು ಕರೆಯುವುದು ಪುಟ್ಟಿ ಎಂದೇ. ಗಂಡ ತೀರಿಹೋದ ಮೇಲೆ ಅಕ್ಕನ ಮನೆಗೆ ಬಂದವಳು ಇಲ್ಲಿಯೇ ಉಳಿದಿದ್ದಳು. ಬಾಯಿ ಜೋರು, ಕೈಯೂ ಅಷ್ಟೇ ಚುರುಕು. ಆ ದಿನ ಮಾತ್ರ ಅವಳ ಸ್ವರ ತಗ್ಗಿತ್ತು.

"ಭಾವ, ನನ್ನ ಕೈ ಸೀದುಹೋಗ್ಲಿ."

"ಸೀದುಹೋದ್ರೆ ನಾಳೆ ಅಡುಗೆ ಯಾರು ಮಾಡ್ತಾರೆ? ಮಣ್ಣಿಂದು, ಒಡೀತು. ಬಿಡು," ಎಂದರು ಮೇಸ್ತ್ರಿ. ಹೇಳುವುದೇನೋ ಹೇಳಿದರು. ಆದರೆ ಅವರ ಕಣ್ಣು ಹೆಂಡತಿಯ ಬಲಗೈಯ ಮೇಲಿತ್ತು.

ಆ ಬಟ್ಟಲಿನ ವಿಷಯವನ್ನು ಇಲ್ಲಿ ಹೇಳಲೇಬೇಕು. ಮೇಸ್ತ್ರಿಯ ಹೆಂಡತಿಗೆ ಚಿಕ್ಕಂದಿನಿಂದ ಬಲಗೈಯ ಕೊನೆಯ ಎರಡು ಬೆರಳು ಮಡಚುತ್ತಿರಲಿಲ್ಲ. ಉಳಿದೆರಡು ಬೆರಳಿನ ಗಿಣ್ಣುಗಳೂ ದಪ್ಪ. ಅಂಗಡಿಯ ಯಾವ ಬಟ್ಟಲಿನ ಹಿಡಿಕೆಯ ಕಿವಿಯೂ ಆಕೆಯ ಕೈಗೆ ಒಗ್ಗುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಅತಿಥಿಗಳ ಎದುರು ಆಕೆ ಎರಡೂ ಕೈಯಲ್ಲಿ ಬಟ್ಟಲು ಹಿಡಿದು ನಾಚಿಕೊಳ್ಳುವುದನ್ನು ಕಂಡು, ಮೇಸ್ತ್ರಿ ಆಕೆಯ ಕೈಯನ್ನು ತಮ್ಮ ಮಡಿಲಲ್ಲಿಟ್ಟುಕೊಂಡು ಅಳತೆ ತೆಗೆದು ಒಂದು ಬಟ್ಟಲು ಮಾಡಿಕೊಟ್ಟಿದ್ದರು. ಎರಡು ಬೆರಳು ಒಟ್ಟಿಗೆ ತೂರುವಷ್ಟೇ ಕಿವಿ, ಅದರ ನೆತ್ತಿಯ ಮೇಲೆ ಹೆಬ್ಬೆರಳು ಕೂರಲು ಒಂದು ಸಣ್ಣ ತಗ್ಗು, ಮಡಚದ ಬೆರಳುಗಳು ಚಾಚಿಕೊಂಡು ಒರಗಲು ಕೆಳಗೆ ಒಂದು ಅಂಚು. ಆ ಬಟ್ಟಲನ್ನು ಇನ್ನೊಬ್ಬರು ಹಿಡಿದರೆ ಅದು ಪರರ ಚಪ್ಪಲಿ ಮೆಟ್ಟಿದ ಹಾಗೆ.

ಈಗ ಕೆಲವು ವರ್ಷಗಳಿಂದ ಆಕೆಗೆ ಮರೆವು. ಮೊದಲು ಹೋದದ್ದು ಬೀದಿಗಳ ಗುರುತು, ಆಮೇಲೆ ಮನುಷ್ಯರದು, ಕೊನೆಗೆ ಗಂಡನದು. ತಲೆಯಲ್ಲಿದ್ದದ್ದೆಲ್ಲ ಒಂದೊಂದಾಗಿ ಹೊರಟುಹೋದರೂ ಕೈಯಲ್ಲಿದ್ದದ್ದು ಮಾತ್ರ ಹೋಗಿರಲಿಲ್ಲ. ಆ ಬಟ್ಟಲನ್ನು ಮುಂದಿಟ್ಟರೆ ಬೆರಳು ತಾವಾಗಿಯೇ ಕಿವಿಗೆ ತೂರುತ್ತಿದ್ದವು, ಹೆಬ್ಬೆರಳು ತಗ್ಗಿನಲ್ಲಿ ಕೂರುತ್ತಿತ್ತು, ಬಟ್ಟಲು ಬಾಯಿಗೆ ಹೋಗುತ್ತಿತ್ತು. ದಿನಕ್ಕೆ ಆರು ಬಟ್ಟಲು ನೀರು ಸಲೀಸಾಗಿ ಇಳಿಯುತ್ತಿತ್ತು. ಬೇರೆ ಲೋಟ ಕೊಟ್ಟರೆ ಆಕೆ ಅದನ್ನು ದುರುಗುಟ್ಟಿ ನೋಡುವಳು, ಹಿಡಿಯಲು ಹೋಗಿ ಮೈಮೇಲೆ ಚೆಲ್ಲಿಕೊಳ್ಳುವಳು, ಹೆದರಿ ಬಾಯಿ ಬಿಗಿಯುವಳು. ಚಮಚದಲ್ಲಿ ಕುಡಿಸಲು ಹೋದರೆ ಮುಖ ಗೋಡೆಯ ಕಡೆಗೆ.

ಬಟ್ಟಲು ಒಡೆದ ಮೇಲೆ ಆಗಿದ್ದೂ ಅದೇ. ಆರು ಇದ್ದದ್ದು ಮೂರಕ್ಕೆ ಇಳಿಯಿತು. ಆ ಮೂರನ್ನೂ ಪುಟ್ಟಿ ಗಂಟೆಗಟ್ಟಲೆ ಕೂತು, ಗದರಿಸಿ, ಓಲೈಸಿ, ಚಮಚದಲ್ಲಿ ಒಳಗೆ ಕಳಿಸಬೇಕಾಗಿತ್ತು. ವಾರಕ್ಕೊಮ್ಮೆ ಬರುವ ನರ್ಸಮ್ಮ ನಾಲಿಗೆ ನೋಡಿದಳು, ಕೈಯ ಚರ್ಮವನ್ನು ಚಿವುಟಿ ಬಿಟ್ಟು ನೋಡಿದಳು. ಚರ್ಮ ಚಿವುಟಿದಂತೆಯೇ ನಿಂತಿತ್ತು.

"ಅಜ್ಜ, ಇವರಿಗೆ ಬೇರೆ ಕಾಯಿಲೆ ಬೇಕಾಗಿಲ್ಲ, ಇದೇ ಸಾಕು. ನೀರು ಶೇಕಡಾ ಐವತ್ತು ಕಮ್ಮಿ ಆಗಿದೆ. ಮೊದಲಿನ ಮಟ್ಟಕ್ಕೆ ತರಬೇಕು. ಇಲ್ದಿದ್ರೆ ನಾನು ಬರೋದು ದಂಡ."

ಅಡ್ಡಗೋಡೆಯ ಮೇಲೆ ದೀಪ ಇಡುವ ಅಭ್ಯಾಸ ನರ್ಸಮ್ಮನಿಗಿರಲಿಲ್ಲ. ಮೇಸ್ತ್ರಿ ತಲೆಯಾಡಿಸಿದರು. ಏನು ಮಾಡಬೇಕೆಂದು ಅವರಿಗೆ ಆಗಲೇ ಗೊತ್ತಿತ್ತು. ಅಂಥದ್ದೇ ಇನ್ನೊಂದು ಬಟ್ಟಲು ಆಗಬೇಕು, ಬೇಗ ಆಗಬೇಕು.

ಚೂರುಗಳನ್ನು ಅಂಟಿನಿಂದ ಕೂಡಿಸಿದರು. ನೀರು ನಿಲ್ಲಲಿಲ್ಲ, ಅಂಚಿನ ಒಂದು ತುಣುಕು ಸಿಗಲೇ ಇಲ್ಲ. ಆದರೆ ಅಳತೆ ತೆಗೆಯಲು ಅಷ್ಟು ಸಾಕಾಗಿತ್ತು. ಬುಡದಿಂದ ಅಂಚಿಗೆ ಎಂಟು ಸೆಂಟಿಮೀಟರು. ಕಿವಿಯ ಬಾಯಿ, ತಗ್ಗಿನ ಆಳ, ಹೊಟ್ಟೆಯ ಸುತ್ತು, ಎಲ್ಲವನ್ನೂ ಅಳೆದುಕೊಂಡರು.

"ಭಾವ, ಇದರ ಮೇಲೇ ಅಚ್ಚು ಎತ್ತಿದ್ರೆ ಆಯ್ತಲ್ಲ? ಅಷ್ಟೊಂದು ಯಾಕೆ ಅಳೀತೀರಿ?" ಎಂದಳು ಪುಟ್ಟಿ.

"ಮಣ್ಣು ಕುಗ್ಗುತ್ತೆ ಕಣೇ. ಇದೇ ಅಳತೆಗೆ ಅಚ್ಚು ತೆಗೆದ್ರೆ ಗೂಡಿಂದ ಬರೋದು ಇದರ ಮಗು."

ಹಸಿ ಮಣ್ಣಿನಲ್ಲಿರುವ ನೀರು ಆರುವಾಗ ಪಾತ್ರೆ ಒಂದಿಷ್ಟು ಕುಗ್ಗುತ್ತದೆ, ಪಾತ್ರೆ ಸುಡುವ ಗೂಡಿನ ಬೆಂಕಿಯಲ್ಲಿ ಇನ್ನೂ ಒಂದಿಷ್ಟು. ಅದಕ್ಕೇ ಅಚ್ಚು ಕೆತ್ತುವವನು ಬೇಕಾದ ಅಳತೆಗಿಂತ ಹಿಗ್ಗಿಸಿ ಕೆತ್ತಬೇಕು. ಎಷ್ಟು ಹಿಗ್ಗಿಸಬೇಕೆಂಬುದೇ ಈ ಕಸುಬಿನ ಮರ್ಮ. ನಿಜ ಹೇಳಬೇಕೆಂದರೆ, ಆ ಮರ್ಮ ಮೇಸ್ತ್ರಿಗೆ ಗೊತ್ತಿರಲಿಲ್ಲ. ಅದು ಗೊತ್ತಿದ್ದದ್ದು ಅವರ ಹೆಂಡತಿಗೆ.

ಮನೆಯ ಹಿಂದಿನ ಶೆಡ್ಡಿನಲ್ಲಿ ಇವರು ಕೆತ್ತುತ್ತಿದ್ದರೆ ಆಕೆ ಕಿಟಕಿಯ ಕೆಳಗೆ ಮಣೆ ಹಾಕಿಕೊಂಡು ಕೂತು ಬಾಯಲ್ಲೇ ಲೆಕ್ಕ ಹೇಳುತ್ತಿದ್ದಳು. ಕಾಗದವಿಲ್ಲ, ಸೀಸದಕಡ್ಡಿಯಿಲ್ಲ. ಸುತ್ತಲಿನ ಕೆಲಸದವರೆಲ್ಲ ಆಕೆಯನ್ನು ಲೆಕ್ಕದಮ್ಮ ಎಂದೇ ಕರೆಯುತ್ತಿದ್ದರು. ಆಗೆಲ್ಲ ಅಗೆದು ತರುತ್ತಿದ್ದ ಹಳೆಯ ಗುಂಡಿಯ ಮಣ್ಣು ನೂರಕ್ಕೆ ಹತ್ತು ಕುಗ್ಗುತ್ತಿತ್ತು. ಅದಕ್ಕೆ ಆಕೆಯ ಸೂತ್ರ ಒಂದೇ: ಒಂಬತ್ತಕ್ಕೆ ಒಂದು ಸೇರಿಸಿ. ಒಂಬತ್ತು ಬೆರಳು ಎತ್ತರದ ಪಾತ್ರೆ ಬೇಕೋ, ಹತ್ತು ಬೆರಳು ಕೆತ್ತಿ.

"ಹತ್ತು ಕುಗ್ಗೋದಾದ್ರೆ ಹತ್ತಕ್ಕೆ ಒಂದು ಸೇರಿಸೋದು ನ್ಯಾಯ. ಇದೇನಿದು ಒಂಬತ್ತು? ನಿನ್ನ ತವರಿನ ಅಳತೆನಾ?" ಎಂದು ಮೇಸ್ತ್ರಿ ಕೆಣಕುತ್ತಿದ್ದರು.

"ಹೌದ್ರೀ. ತವರಿಂದ ತಂದದ್ದು ಅದೊಂದೇ. ಅಡ ಇಡೋಕೂ ಬರಲ್ಲ, ಕಳ್ಳ ಹೊತ್ಕೊಂಡು ಹೋಗೋಕೂ ಬರಲ್ಲ. ಸುಮ್ನೆ ಹೇಳಿದಷ್ಟು ಕೆತ್ತಿ."

ಅವರು ಹೇಳಿದಷ್ಟು ಕೆತ್ತುತ್ತಿದ್ದರು. ಗೂಡಿನಿಂದ ಬಂದ ಪಾತ್ರೆ ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ. ತಪ್ಪದ ಮೇಲೆ ಕಾರಣ ಯಾರಿಗೆ ಬೇಕು? ಉಸಿರಾಡುವವನು ಗಾಳಿಯ ತೂಕ ಕೇಳುತ್ತಾನೆಯೇ?

ಈಗ ಆ ಗುಂಡಿಯೂ ಇಲ್ಲ. ಅದನ್ನು ಮುಚ್ಚಿ ಮೇಲೆ ಗೋದಾಮು ಕಟ್ಟಿದ್ದರು. ಹೆಂಡತಿಗೆ ಮರೆವು ಶುರುವಾದ ಮೇಲೆ ಮೇಸ್ತ್ರಿ ಹೊಸ ಅಚ್ಚು ಕೆತ್ತುವುದನ್ನೂ ಬಿಟ್ಟಿದ್ದರು. ಸವೆದ ಅಚ್ಚು ರಿಪೇರಿ ಮಾಡಿಕೊಟ್ಟು ಹೇಗೋ ದಿನ ದೂಡುತ್ತಿದ್ದರು. ಬೀದಿಯ ತುದಿಯಲ್ಲಿದ್ದ ಗೂಡಿನವನ ಹತ್ತಿರ ಹೋದರೆ ಅವನು ಒಂದು ಚೀಲದ ಬಾಯಿ ಬಿಚ್ಚಿ ತೋರಿಸಿದ. ಹಿಟ್ಟಿನಂತೆ ನುಣ್ಣಗಿನ ಬಿಳಿ ಮಣ್ಣು.

"ಈಗೆಲ್ಲಾ ಇದೇ, ಮೇಸ್ತ್ರೀ. ಚೀಲದ ಮೇಲೆ ಬರೆದಿದೆ ನೋಡಿ, ಕುಗ್ಗೋದು ಶೇಕಡಾ ಇಪ್ಪತ್ತು."

"ಇಪ್ಪತ್ತಾ? ನಿಮ್ಮ ಮಣ್ಣೇನು ಉಪವಾಸ ಮಾಡುತ್ತಾ? ಹಾಗಾದ್ರೆ ಹಿಗ್ಗಿಸೋದು ಎಷ್ಟು?"

"ನನಗೆ ಅಚ್ಚು ತಯಾರಾಗಿ ಬರುತ್ತೆ. ಸುಡೋದಷ್ಟೇ ನನ್ನ ಕೆಲಸ. ಲೆಕ್ಕದಮ್ಮನ್ನ ಕೇಳಿ," ಎಂದವನು ನಾಲಿಗೆ ಕಚ್ಚಿಕೊಂಡ. "ಬಾಯಿತಪ್ಪಿ ಬಂತು, ಮೇಸ್ತ್ರೀ."

"ಪರವಾಗಿಲ್ಲ. ಕೇಳ್ತೀನಿ," ಎಂದು ಮೇಸ್ತ್ರಿ ಚೀಲ ಹೊತ್ತುಕೊಂಡು ಬಂದರು.

ಕೇಳಿದರು ಕೂಡ. ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು, ಒಂದು ಹಿಡಿ ಮಣ್ಣನ್ನು ಆಕೆಯ ಅಂಗೈಗೆ ಹಾಕಿ, "ಇದು ನೂರಕ್ಕೆ ಇಪ್ಪತ್ತು ಕುಗ್ಗುತ್ತಂತೆ. ಎಷ್ಟು ಹಿಗ್ಗಿಸ್ಲಿ, ಹೇಳು," ಎಂದರು. ಆಕೆ ಮಣ್ಣನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದಳು. ಕಸುಬು ಬಲ್ಲವಳು ಉಜ್ಜುವ ರೀತಿ ಅದು. ಆಕೆ ಮಣ್ಣನ್ನು ಹಾಸಿಗೆಯ ಮೇಲೆ ಸುರಿದು, ನಡುವೆ ಬೆರಳಿನಿಂದ ಒಂದು ದಾರಿ ಮಾಡಿ, "ಹೊರಗೆ ಮಳೆ ಬರ್ತಾ ಇದೆಯಾ?" ಎಂದು ಕೇಳಿದಳು.

"ಇಲ್ಲ. ಬಿಸಿಲಿದೆ."

"ಹಾಗಾದ್ರೆ ಬಟ್ಟೆ ಒಣಗುತ್ತೆ," ಎಂದು ನಕ್ಕಳು.

ಹಾಸಿಗೆಯ ಮಣ್ಣನ್ನು ಕೊಡವಿ ಮೇಸ್ತ್ರಿ ಶೆಡ್ಡಿಗೆ ಹೋದರು. ದೇವರೇ, ಇಷ್ಟು ವರ್ಷ ಆಕೆಯ ಬಾಯಿಂದ ಹೇಳಿಸಿದೆ, ಒಂದು ಸಲ ನನ್ನ ತಲೆಗೇ ಹೊಳೆಸು, ಎಂದು ಕೈ ಮುಗಿದರು. ದೇವರು ಸುಮ್ಮನಿದ್ದ. ತಮಗೆ ತೋಚಿದ ನ್ಯಾಯವನ್ನೇ ಅವರು ಹಿಡಿದರು. ಇಪ್ಪತ್ತು ಕುಗ್ಗುತ್ತದೆ, ಇಪ್ಪತ್ತು ಹಿಗ್ಗಿಸಿದರಾಯಿತು. ಎಂಟು ಸೆಂಟಿಮೀಟರಿಗೆ ನೂರಕ್ಕಿಪ್ಪತ್ತರಂತೆ ಒಂದು ಪಾಯಿಂಟ್ ಆರು; ಕೂಡಿಸಿದರೆ ಒಂಬತ್ತು ಪಾಯಿಂಟ್ ಆರು. ಮಾದರಿಯ ಬಿಲ್ಲೆಯೊಂದನ್ನು ಸುಟ್ಟು ನೋಡುವುದು ಕಸುಬಿನ ಪದ್ಧತಿ. ಆದರೆ ಆರಿಸಿ, ಸುಟ್ಟು, ಗೂಡು ತಣಿಯುವ ತನಕ ಕಾಯಲು ಅವರಿಗೆ ಮನಸ್ಸು ಬರಲಿಲ್ಲ. ನೇರವಾಗಿ ಬಟ್ಟಲಿಗೇ ಕೈ ಹಾಕಿದರು. ಕೈಯೇನೂ ಮರೆತಿರಲಿಲ್ಲ. ಒಂಬತ್ತು ಪಾಯಿಂಟ್ ಆರರ ಆ ಹಸಿ ಬಟ್ಟಲು ನೋಡಲು ಹಳೆಯದರ ಅಣ್ಣನಂತೆ ಇತ್ತು.

ಗೂಡಿನಿಂದ ಅದು ಬಂದ ದಿನ ಪುಟ್ಟಿ ಅದನ್ನು ಬೆಳಕಿಗೆ ಹಿಡಿದು, "ಅಯ್ಯೋ ಭಾವ, ತದ್ರೂಪ!" ಎಂದಳು. ಮೇಸ್ತ್ರಿಗೂ ಹಾಗೇ ಕಂಡಿತು. ನೀರು ತುಂಬಿಸಿ ಹೆಂಡತಿಯ ಮುಂದೆ ಹಿಡಿದರು. ಆಕೆಯ ಬೆರಳುಗಳು ಗುರುತು ಹಿಡಿದವರಂತೆ ಮುಂದೆ ಬಂದು ಕಿವಿಗೆ ತೂರಿದವು. ಗಿಣ್ಣಿನ ಹತ್ತಿರ ತಡೆದು ನಿಂತವು. ಒಂದು ಅಳತೆ ಚಿಕ್ಕದಾದ ಉಂಗುರ ಹೇಗೆ ಗಿಣ್ಣು ದಾಟುವುದಿಲ್ಲವೋ ಹಾಗೆ. ಆಕೆ ಒತ್ತಿದಳು. ಬೆರಳು ಒಳಗೆ ಸಿಕ್ಕಿಕೊಂಡಿತು. ಹಿಂದಕ್ಕೆ ಎಳೆದುಕೊಂಡಳು, ಬರಲಿಲ್ಲ. ಆಗ ಆಕೆ ಕೂಗಿದ ಕೂಗು ಬೀದಿಯವರೆಗೂ ಕೇಳಿಸಿತು. ಕೈ ಕೊಡವಿದ ರಭಸಕ್ಕೆ ಬಟ್ಟಲು ಮಂಚದ ಕಬ್ಬಿಣದ ಸರಳಿಗೆ ಬಡಿದು ಚೂರಾಯಿತು. ಹಾಸಿಗೆಯೆಲ್ಲ ನೀರು. ಪುಟ್ಟಿ ಅಕ್ಕನ ತಲೆಯನ್ನು ಎದೆಗೆ ಒತ್ತಿಕೊಂಡು, "ಆಯ್ತು, ಆಯ್ತು, ಹೋಯ್ತು ಅದು," ಎನ್ನುತ್ತಿದ್ದಳು. ಮೇಸ್ತ್ರಿ ನೆಲದಲ್ಲಿ ಕೂತು ಚೂರು ಆರಿಸಿ ಅಳೆದರು. ಎಂಟು ಇರಬೇಕಾದಲ್ಲಿ ಏಳೂ ಮುಕ್ಕಾಲಿಗೂ ಒಂದಿಷ್ಟು ಕಡಿಮೆ.

"ಇಪ್ಪತ್ತು ಕೊಟ್ಟೆ. ಇಪ್ಪತ್ತೇ ತಿಂತು. ಮಿಕ್ಕಿದ್ದು ಎಲ್ಲಿ ಹೋಯ್ತು?" ಎಂದು ತಮ್ಮಷ್ಟಕ್ಕೆ ಅಂದುಕೊಂಡರು.

ಅಂದಿನಿಂದ ಆಕೆ ಬಿಳಿಯ ಯಾವ ಪಾತ್ರೆ ಕಂಡರೂ ಕೈ ಹಿಂದಕ್ಕೆ ಎಳೆದುಕೊಳ್ಳತೊಡಗಿದಳು. ಆದರೂ ಪುಟ್ಟಿ ಸೋಲಲಿಲ್ಲ. ಹತ್ತಿಯನ್ನು ನೀರಲ್ಲಿ ಅದ್ದಿ ತುಟಿಗೆ ಹಿಂಡಿದಳು, ಚಮಚಕ್ಕೆ ಚೂರು ಜೇನು ಸವರಿದಳು, ಹಳೆಯ ಹಾಡು ಹೇಳುತ್ತ ಬಾಯಿ ತೆರೆಸಿದಳು. ಮೂರು ಇದ್ದದ್ದು ನಾಲ್ಕೂವರೆಗೆ ಏರಿತು. ನರ್ಸಮ್ಮ ಮತ್ತೆ ಬಂದಾಗ ಪುಟ್ಟಿ ಸೊಂಟಕ್ಕೆ ಕೈಯಿಟ್ಟುಕೊಂಡೇ ಬಾಗಿಲು ತೆರೆದಳು.

"ನೀವು ಹೇಳಿದ ಹಾಗೇ ಮಾಡಿದೀವಿ ನೋಡಮ್ಮ. ಐವತ್ತು ಇಳಿದಿತ್ತು ಅಂದ್ರಲ್ಲ? ಐವತ್ತು ಏರಿಸಿದೀವಿ. ಮೂರಿತ್ತು, ಈಗ ನಾಲ್ಕೂವರೆ. ಲೆಕ್ಕ ಚುಕ್ತಾ."

ನರ್ಸಮ್ಮ ಚರ್ಮ ಚಿವುಟಿ ನೋಡಿದಳು. ನಗಲಿಲ್ಲ, ಗದರಲೂ ಇಲ್ಲ. "ನೀವು ಪಟ್ಟ ಪಾಡು ಕಾಣಿಸ್ತಿದೆ, ಅಮ್ಮ. ಆದರೆ ಲೆಕ್ಕ ಚುಕ್ತಾ ಆಗಿಲ್ಲ. ಆರು ಲೋಟ ತನ್ನಿ."

ಪುಟ್ಟಿ ಗೊಣಗುತ್ತ ತಂದಿಟ್ಟಳು. ನರ್ಸಮ್ಮ ಮೇಜಿನ ಮೇಲೆ ಆರನ್ನೂ ಸಾಲಾಗಿ ಇಟ್ಟು, ಮೂರನ್ನು ತೆಗೆದು ಪಕ್ಕಕ್ಕಿಟ್ಟಳು.

"ಆರರಲ್ಲಿ ಐವತ್ತು ಪರ್ಸೆಂಟ್ ಹೋಯ್ತು. ಎಷ್ಟು ಹೋಯ್ತು?"

"ಮೂರು. ಕಾಣಿಸ್ತಿದೆಯಲ್ಲ."

"ಈಗ ಉಳಿದಿರೋದು ಮೂರು. ಈ ಮೂರಕ್ಕೆ ಐವತ್ತು ಪರ್ಸೆಂಟ್ ಅಂದ್ರೆ?"

"ಒಂದೂವರೆ..." ಪುಟ್ಟಿಯ ಸ್ವರ ಇಳಿಯಿತು. "ಅಯ್ಯೋ, ಅದೇ ಐವತ್ತು ಅಲ್ವಾ ಹಾಗಾದ್ರೆ?"

"ಹೆಸರು ಅದೇ, ತೂಕ ಬೇರೆ. ಶೇಕಡಾ ಅಂದ ತಕ್ಷಣ ಯಾವುದರ ಶೇಕಡಾ ಅಂತ ಕೇಳ್ಬೇಕು. ಬಿದ್ದಿದ್ದು ಆರರ ಮೇಲಿಂದ, ಏಳ್ತಿರೋದು ಮೂರರ ಮೇಲಿಂದ. ಐವತ್ತು ಬಿದ್ದೋರು ನೂರು ಏಳಬೇಕು. ಆಗಲೇ ಇದ್ದಲ್ಲಿಗೆ ಬರೋದು."

"ಬೀಳೋದು ಸಸಾರ, ಏಳೋದು ತ್ರಾಸ ಅಂತ ನಮ್ಮಮ್ಮ ಹೇಳ್ತಿದ್ಲು. ಅದಕ್ಕೂ ಲೆಕ್ಕ ಇದೆ ಅಂತ ಗೊತ್ತಿರ್ಲಿಲ್ಲ," ಎಂದಳು ಪುಟ್ಟಿ.

ಇಷ್ಟು ಹೊತ್ತೂ ಮೇಸ್ತ್ರಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು. ಮೆಲ್ಲಗೆ ಮೇಜಿನ ಹತ್ತಿರ ಬಂದರು.

"ನರ್ಸಮ್ಮ, ಇಪ್ಪತ್ತು ಬಿದ್ರೆ ಎಷ್ಟು ಏಳಬೇಕು?"

ನರ್ಸಮ್ಮ ಪಕ್ಕಕ್ಕಿಟ್ಟ ಮೂರನ್ನೂ ಮತ್ತೆ ಸಾಲಿಗೆ ಸೇರಿಸಿ, ಒಂದು ಲೋಟ ತೆಗೆದು ಐದು ಉಳಿಸಿದಳು. "ಇವು ಐದು. ಇಪ್ಪತ್ತು ಪರ್ಸೆಂಟ್ ಅಂದ್ರೆ ಐದರಲ್ಲಿ ಒಂದು. ತೆಗೆದೆ. ಉಳೀತು ನಾಲ್ಕು. ಮತ್ತೆ ಐದಾಗೋಕೆ ಒಂದು ಬೇಕು. ನಾಲ್ಕಕ್ಕೆ ಒಂದು. ಅಂದ್ರೆ ಇಪ್ಪತ್ತೈದು ಪರ್ಸೆಂಟ್."

"ನಾಲ್ಕಕ್ಕೆ ಒಂದು," ಎಂದರು ಮೇಸ್ತ್ರಿ. ಲೋಟಗಳನ್ನು ಬೆರಳಿಟ್ಟು ಎಣಿಸಿದರು. "ಮತ್ತೆ ಹತ್ತು ಬಿದ್ರೆ? ಹತ್ತರಲ್ಲಿ ಒಂದು ಹೋದ್ರೆ?"

"ಉಳಿಯೋದು ಒಂಬತ್ತು. ಆ ಒಂಬತ್ತಕ್ಕೆ..."

"ಒಂದು," ಎಂದರು ಮೇಸ್ತ್ರಿ.

ಅವರ ಸ್ವರ ಕೇಳಿ ನರ್ಸಮ್ಮ ತಲೆಯೆತ್ತಿ ನೋಡಿದಳು. ಮೇಸ್ತ್ರಿ ಮಂಚದ ಕಡೆ ತಿರುಗಿದ್ದರು. ಅವರ ಮುಖದಲ್ಲಿ ಮೂಡಿದ್ದು ಹೊಸ ಪಾಠ ತಿಳಿದ ಹುಡುಗನ ಸಂತೋಷ. ತವರಿನ ಅಳತೆಯಲ್ಲ, ಹಟವಲ್ಲ, ಬಾಯಿಗೆ ಬಂದ ಮಾತಲ್ಲ. ಉಳಿದದ್ದಕ್ಕೆ ಸೇರಿಸಬೇಕು, ಇದ್ದದ್ದಕ್ಕಲ್ಲ. ಆಕೆ ಬದುಕಿನುದ್ದಕ್ಕೂ ಅದನ್ನೇ ಹೇಳುತ್ತ ಬಂದಿದ್ದಳು. "ಕೇಳಿಸ್ತೇನೇ? ಈಗ ತಿಳೀತು ನನಗೆ, ನಿನ್ನ ಒಂಬತ್ತು!" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಮಂಚದ ಮೇಲೆ ಆಕೆ ಚಾದರದ ಅಂಚನ್ನು ಮಡಚುತ್ತ, ಬಿಚ್ಚುತ್ತ, ಮತ್ತೆ ಮಡಚುತ್ತ ಕೂತಿದ್ದಳು. ತನ್ನ ಕಡೆ ನೋಡುತ್ತಿರುವ ಮುದುಕನನ್ನು ಕಂಡು, ಮನೆಗೆ ಬಂದ ಅಪರಿಚಿತರಿಗೆ ತೋರಿಸುವ ಮರ್ಯಾದೆಯ ನಗು ತೋರಿಸಿದಳು. ಮೇಸ್ತ್ರಿಯ ಮುಖದ ಸಂತೋಷ ಅಲ್ಲಿಯೇ ಆರಿಹೋಯಿತು. ಹೇಳಬೇಕಾದದ್ದು ತಿಳಿಯುವ ಹೊತ್ತಿಗೆ ಕೇಳಬೇಕಾದವರು ಎದ್ದು ಹೋಗಿರುತ್ತಾರೆ. ಇದಕ್ಕೆ ಯಾರನ್ನು ದೂರುವುದು?

ಶೆಡ್ಡಿಗೆ ಹೋಗಿ ಕದ ಹಾಕಿಕೊಂಡು ಅವರು ಒಂದಿಷ್ಟು ಹೊತ್ತು ಅತ್ತರು. ಆಮೇಲೆ ಕೈ ತೊಳೆದುಕೊಂಡು ಮಣ್ಣು ಕಲಸಿದರು. ಎಂಟು ಸೆಂಟಿಮೀಟರಿನಲ್ಲಿ ನಾಲ್ಕಕ್ಕೊಂದರಂತೆ ಎರಡು. ಎಂಟೂ ಎರಡೂ ಹತ್ತು. ಕಿವಿಗೂ ಹಾಗೇ, ತಗ್ಗಿಗೂ ಹಾಗೇ. ಹತ್ತರಲ್ಲಿ ಇಪ್ಪತ್ತು ಹೋದರೆ ಎಂಟು. ಹಿಂದುಮುಂದು ಎರಡು ಕಡೆಯಿಂದಲೂ ಲೆಕ್ಕ ಕೂಡಿತು.

ಆದರೆ ಮಣ್ಣಿಗೆ ಅವಸರವಿಲ್ಲ. ನೆರಳಲ್ಲಿ ಆರದಿದ್ದರೆ ಬಿರಿಯುತ್ತದೆ. ಗೂಡು ತುಂಬುವ ತನಕ ಗೂಡಿನವನು ಬೆಂಕಿ ಹಾಕುವುದಿಲ್ಲ. ಮೇಸ್ತ್ರಿ ದಿನವೂ ಹೋಗಿ ಗೂಡಿನ ಮುಂದೆ ನಿಲ್ಲುವರು. "ಮೇಸ್ತ್ರೀ, ನೀವು ಹೀಗೆ ದಿಟ್ಟಿಸಿದ್ರೆ ಗೂಡು ತಾನಾಗೇ ಹೊತ್ಕೊಳ್ಳುತ್ತೆ," ಎಂದು ಗೂಡಿನವನು ನಗೆಯಾಡಿದ. ಕೊನೆಗೆ ಅವರ ಸಂಕಟ ನೋಡಲಾರದೆ ಅರ್ಧ ಗೂಡಿಗೇ ಬೆಂಕಿ ಹಾಕಿದ. ಅಷ್ಟರಲ್ಲಿ ಮನೆಯಲ್ಲಿ ನಾಲ್ಕೂವರೆ ಇದ್ದದ್ದು ನಾಲ್ಕಾಯಿತು, ಮೂರಾಯಿತು, ಕೆಲವು ದಿನ ಮೂರೂ ಆಗಲಿಲ್ಲ. ಪುಟ್ಟಿ ಹಾಡುವುದನ್ನು ನಿಲ್ಲಿಸಿದ್ದಳು.

ಬಟ್ಟಲು ಬಂತು. ಇನ್ನೂ ಬೆಚ್ಚಗಿದ್ದ ಅದನ್ನು ಮೇಸ್ತ್ರಿ ಅಲ್ಲಿಯೇ ಅಳೆದರು. ಎಂಟು. ಕಿವಿಯ ಬಾಯಿ ಸರಿ. ತಗ್ಗು ಸರಿ. ಹಳೆಯದಕ್ಕೂ ಇದಕ್ಕೂ ಹೆತ್ತ ತಾಯಿಯೂ ವ್ಯತ್ಯಾಸ ಹೇಳುವಂತಿರಲಿಲ್ಲ. ಪುಟ್ಟಿ ಉಪಾಯದವಳು, ಬಿಳಿ ಕಂಡರೆ ಅಕ್ಕ ಹೆದರುತ್ತಾಳೆಂದು ಕೋಣೆಯ ಪರದೆ ಎಳೆದು ಮಬ್ಬು ಮಾಡಿ, ಬಟ್ಟಲನ್ನು ಚಾದರದ ಮಡಿಕೆಯಲ್ಲಿಟ್ಟು, ಅಕ್ಕನ ಕೈಯನ್ನು ಮೆಲ್ಲಗೆ ಅದರ ಮೇಲೆ ತಂದಿಟ್ಟಳು.

ಬೆರಳುಗಳು ತಡವಿದವು. ಕಿವಿ ಸಿಕ್ಕಿತು. ಎರಡು ಬೆರಳೂ ಗಿಣ್ಣು ದಾಟಿ ಒಳಗೆ ಹೋದವು. ಆಕೆ ಬಟ್ಟಲನ್ನು ಎತ್ತಿದಳು. ಎತ್ತುತ್ತಿದ್ದಂತೆ ಬಟ್ಟಲು ಬೆರಳುಗಳ ಸುತ್ತ ತಿರುಗಿ ಒಂದು ಕಡೆಗೆ ವಾಲಿತು, ನೀರು ಚೆಲ್ಲಿತು. ಮತ್ತೊಮ್ಮೆ ಎತ್ತಿದಳು. ಮತ್ತೆ ವಾಲಿತು. ಹೆಬ್ಬೆರಳು ತಗ್ಗನ್ನು ಹುಡುಕಿ ಹುಡುಕಿ ಜಾರುತ್ತಿತ್ತು.

"ತಪ್ಪಿದೆ. ಎಲ್ಲೋ ಮತ್ತೆ ತಪ್ಪಿದೆ," ಎಂದು ಮೇಸ್ತ್ರಿ ಅಳತೆಪಟ್ಟಿಗಾಗಿ ಜೇಬು ತಡಕಿದರು.

"ಭಾವ, ಬಟ್ಟಲಲ್ಲ," ಎಂದಳು ಪುಟ್ಟಿ.

"ಮತ್ತೇನು?"

ಪುಟ್ಟಿ ಅಕ್ಕನ ಎಡಗೈಯನ್ನು ಎತ್ತಿ ತೋರಿಸಿದಳು. ಮದುವೆಯಲ್ಲಿ ಮೇಸ್ತ್ರಿ ತೊಡಿಸಿದ ಉಂಗುರ ಅಲ್ಲಿತ್ತು. ಒಳಭಾಗದಲ್ಲಿ ಅದಕ್ಕೆ ದಪ್ಪನಾಗಿ ದಾರ ಸುತ್ತಿತ್ತು. "ನೀವು ಗೂಡಿಗೆ ಕಾಯ್ತಿದ್ದಾಗ ಬೆರಳು ಇನ್ನೂ ಸೊರಗಿ ಇದು ಬಿದ್ದುಹೋಗ್ತಿತ್ತು. ನಿಮಗೆ ಹೇಳಿದ್ರೆ ನೊಂದ್ಕೋತೀರಿ ಅಂತ ನಾನೇ ಸುತ್ತಿದೆ. ಮೊನ್ನೆ ಇನ್ನೂ ಎರಡು ಸುತ್ತು ಹಾಕಿದೆ."

ಮೇಸ್ತ್ರಿ ಆ ಬೆರಳುಗಳನ್ನು ನೋಡಿದರು. ದಿನವೂ ನೋಡುತ್ತಿದ್ದವೇ. ಬಟ್ಟಲು ಎಂಟೇ ಇತ್ತು. ಅವರು ಅಳತೆ ಹಿಡಿದದ್ದು ಬಟ್ಟಲಿಗೆ; ಆ ಬಟ್ಟಲು ಅಳತೆ ಹಿಡಿದದ್ದು ಒಂದು ಕೈಗೆ. ಆ ಕೈ ಈಗ ಇರಲಿಲ್ಲ. ಯಾವುದರ ಶೇಕಡಾ ಎಂದು ಕೇಳಬೇಕೆಂದಿದ್ದಳು ನರ್ಸಮ್ಮ. ಅವರು ಕೇಳಿರಲಿಲ್ಲ. ಕೇಳಿದ್ದರೂ ದಿನದಿಂದ ದಿನಕ್ಕೆ ಕರಗುವುದನ್ನು ಯಾವ ಪಟ್ಟಿಯಿಂದ ಅಳೆಯುವುದು?

ಏನು ಮಾಡುತ್ತಿದ್ದೇನೆಂದು ಅವರು ಯೋಚಿಸಲಿಲ್ಲ. ಮಂಚದ ಮೇಲೆ ಪಕ್ಕದಲ್ಲಿ ಕೂತು, ಬಟ್ಟಲು ಹಿಡಿದ ಆಕೆಯ ಕೈಯ ಮೇಲೆ ತಮ್ಮ ಅಗಲವಾದ ಅಂಗೈಯನ್ನು ಮುಚ್ಚಿದರು. ಮಣ್ಣು ತಿಂದು ಒರಟಾದ ಆ ಕೈ ಬೆರಳುಗಳ ಸಂದನ್ನೆಲ್ಲ ತುಂಬಿತು. ಬಟ್ಟಲು ವಾಲುವುದು ನಿಂತಿತು. ಇಬ್ಬರ ಕೈಯೂ ಒಟ್ಟಿಗೆ ಮೇಲೆದ್ದು ಬಾಯಿಯ ಹತ್ತಿರ ಹೋಯಿತು. ಆಕೆ ಮುಖ ತಿರುಗಿಸಲಿಲ್ಲ. ಗುಟುಕು ಗುಟುಕಾಗಿ, ಗಂಟಲಿನ ಸದ್ದು ಕೇಳಿಸುವಂತೆ ಕುಡಿದಳು.

ಪುಟ್ಟಿ ಎದ್ದು ಹಿತ್ತಲಿಗೆ ಹೋದಳು. ಅಲ್ಲಿ ತೊಳೆಯಲು ಪಾತ್ರೆಯೇನೂ ಇರಲಿಲ್ಲ.

ಮುಂದಿನದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಆ ಬಟ್ಟಲಿನಲ್ಲಿ ನೀರು ಆರಕ್ಕೆ ಏರಲೇ ಇಲ್ಲ. ನಾಲ್ಕರ ಆಸುಪಾಸಿಗೆ ಬಂದು ಅಲ್ಲಿಯೇ ನಿಂತಿತು. ಸೋರಿಹೋದದ್ದು ಹೆಚ್ಚು, ಸೇರಿದ್ದು ಕಡಿಮೆ. ಕೆಲವು ವಾರಗಳ ಮೇಲೆ, ಒಂದು ಮಧ್ಯಾಹ್ನ, ಮಲಗಿದ್ದ ಹಾಗೆಯೇ ಆಕೆ ದೇವರ ಪಾದ ಸೇರಿದಳು. ಕೊಟ್ಟವನೇ ಕರೆದುಕೊಂಡ ಎಂದು ಮೇಸ್ತ್ರಿ ಬಂದವರಿಗೆಲ್ಲ ಹೇಳಿದರು. ಅದನ್ನು ನಂಬಿಯೇ ಹೇಳಿದರು.

ಅದೆಲ್ಲ ಆಮೇಲಿನ ಮಾತು. ಆ ದಿನ, ಪರದೆ ಎಳೆದ ಆ ಕೋಣೆಯಲ್ಲಿ, ಅರ್ಧ ಬಟ್ಟಲು ಕುಡಿದು ತುಟಿ ಒರೆಸಿಕೊಂಡ ಆಕೆ ತನ್ನ ಕೈಯ ಮೇಲಿದ್ದ ಕೈಯನ್ನು ನೋಡಿದಳು. ಬಿಡಿಸಿಕೊಳ್ಳಲಿಲ್ಲ.

"ಬಟ್ಟಲು ಚೆನ್ನಾಗಿದೆ. ಯಾರು ಮಾಡಿದ್ದು?"

"ಇಲ್ಲೇ ಒಬ್ಬ ಮೇಸ್ತ್ರಿ."

"ಕೈ ಒಳ್ಳೇದಿದೆ ಅವರದು. ನಮ್ಮನೆಯೋರೂ ಇದೇ ಕೆಲಸ ಮಾಡೋದು." ಆಕೆ ಬಾಗಿಲ ಕಡೆ ನೋಡಿದಳು. "ನಾನು ಬೇಗ ಹೊರಡಬೇಕು. ಶೆಡ್ಡಲ್ಲಿ ಅವರೊಬ್ಬರೇ ಇದಾರೆ. ಕೈ ಬಂಗಾರ, ಆದ್ರೆ ಲೆಕ್ಕ ಬರಲ್ಲ. ನಾನಿಲ್ದಿದ್ರೆ ಎಲ್ಲಾ ಕುಳ್ಳಕುಳ್ಳ ಮಾಡಿಡ್ತಾರೆ."

"ಈಗ ಕಲಿತಿದಾರಂತೆ," ಎಂದರು ಮೇಸ್ತ್ರಿ.

"ಯಾರು, ಅವರಾ?" ಆಕೆ ನಕ್ಕಳು. ಎಷ್ಟೋ ಕಾಲದ ಮೇಲೆ ಆ ಮನೆಯಲ್ಲಿ ಕೇಳಿಸಿದ ನಗು ಅದು, ಹಳೆಯದೇ, ಗಂಡನನ್ನು ಛೇಡಿಸುವ ನಗು. "ಬಿಡಿ ಬಿಡಿ. ನಿಮಗೆ ಅವರು ಗೊತ್ತಿಲ್ಲ."

ಮೇಸ್ತ್ರಿಯ ಕಣ್ಣೀರು ಗಡ್ಡಕ್ಕೆ ಇಳಿಯಿತು. ಆಕೆ ಅವರ ಮುಖವನ್ನು ನೋಡಿದಳು, ಒದ್ದೆಯಾದ ಗಡ್ಡವನ್ನು ನೋಡಿದಳು, ಹುಬ್ಬು ಗಂಟಿಕ್ಕಿದಳು.

"ಪಾಪ, ಬಿಸಿಲಲ್ಲಿ ಬಂದಿದೀರಿ. ಬಾಯಾರಿರಬೇಕು," ಎಂದು ಬಟ್ಟಲಲ್ಲಿ ಉಳಿದಿದ್ದ ನೀರನ್ನು ಅವರ ಕಡೆಗೆ ಚಾಚಿದಳು. "ಕುಡೀರಿ. ಸಂಕೋಚ ಬೇಡ."

ಮೇಸ್ತ್ರಿ ಕುಡಿದರು. ಪೂರ್ತಿ ಕುಡಿದು ಮುಗಿಸುವ ತನಕ ಆಕೆ, ಮನೆಗೆ ಬಂದವರನ್ನು ನೋಡಿಕೊಳ್ಳುವ ಗೃಹಿಣಿಯಂತೆ, ಅವರನ್ನೇ ನೋಡುತ್ತ ಕೂತಿದ್ದಳು.